ಎಸಿ ಟೆಕ್ನಿಷಿಯನ್ ಆಗಲು ಗ್ಯಾಸ್ ತುಂಬುವುದು ಕಲಿತರೆ ಸಾಕಾ?

ಸಾಲದು. ಗ್ಯಾಸ್ ತುಂಬುವುದು ಈ ಕೆಲಸದ ಸುಲಭದ ಭಾಗ. ತರಬೇತಿಯಲ್ಲಿ ಮುಖ್ಯವಾಗಿ ಕಲಿಯಬೇಕಾದ್ದು ತೊಂದರೆ ಎಲ್ಲಿದೆ ಎಂದು ಪತ್ತೆ ಮಾಡುವುದು.

ಎಸಿಯ ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವುದಿಲ್ಲ. ಮುಚ್ಚಿದ ಕೊಳವೆಯಲ್ಲಿ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಕೋಣೆಯೊಳಗೆ ಆವಿಯಾಗಿ ಶಾಖ ಹೀರುತ್ತದೆ, ಹೊರಗೆ ದ್ರವವಾಗಿ ಅದನ್ನು ಬಿಡುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ ಅಂತ ಅಲ್ವಾ? ಆ ಜಾಗ ಹುಡುಕಬೇಕು, ತಾಮ್ರದ ಕೊಳವೆಗೆ ಬೆಸುಗೆ ಹಾಕಬೇಕು, ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ, ತೇವ ತೆಗೆಯಬೇಕು. ಆಮೇಲೆ ಗ್ಯಾಸ್, ಅದೂ ತೂಕ ನೋಡಿ. ಸುಮ್ನೆ ಅಂದಾಜಿನಲ್ಲಿ ತುಂಬಿದರೆ ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ಕೆಡಬಹುದು. ಆರ್-32 ರಂಥ ಗ್ಯಾಸಿಗೆ ಬೆಂಕಿಯೂ ಹತ್ತಬಹುದು.

ಕರೆಂಟಿನ ಕೆಲಸವನ್ನೂ ಚೆನ್ನಾಗಿ ಕಲಿಯಿರಿ. ‘ತಂಪಾಗುತ್ತಿಲ್ಲ’ ಎಂಬ ಎಷ್ಟೋ ದೂರುಗಳಲ್ಲಿ ಕೆಟ್ಟಿರುವುದು ಮೋಟಾರು ತಿರುಗಲು ನೆರವಾಗುವ ಒಂದು ಸಣ್ಣ ಕೆಪಾಸಿಟರ್ ಅಷ್ಟೇ.