ಪೊಲೀಸರ ಮೇಲೆ ಪರಿಹಾರದ ದಾವೆ: ಇಲಾಖೆಯ ವಿಚಾರಣೆ ಮುಗಿಯಲಿ ಅಂತ ಕಾಯಬೇಡಿ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಪೊಲೀಸರ ದೌರ್ಜನ್ಯದ ಬಗ್ಗೆ ಇರುವವು ಜಾಸ್ತಿಯಾಗಿವೆ. ಬಹಳ ಪತ್ರಗಳಲ್ಲಿ ಒಂದೇ ತಪ್ಪು. ಪೆಟ್ಟು ತಿಂದವರು ಎರಡು ಮೂರು ವರ್ಷ ಅಲೆದಾಡಿ, ದಪ್ಪ ಫೈಲ್ ಹಿಡಿದುಕೊಂಡು ಆಮೇಲೆ ವಕೀಲರ ಹತ್ತಿರ ಬರುತ್ತಾರೆ. ಅಷ್ಟರಲ್ಲಿ ಗಡುವು ಮುಗಿದಿರುತ್ತದೆ. ನನಗೆ ಸಿಟ್ಟು ಬರುವುದು ಅವರ ಮೇಲಲ್ಲ, ಕಾಯಿರಿ ಅಂತ ಹೇಳಿಕೊಟ್ಟವರ ಮೇಲೆ. ಹಾಗಾಗಿ ಈ ಸಲ ಒಂದೇ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಉಳಿದವರು ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಬೈಕ್ ಕಳವಿನ ಅನುಮಾನದ ಮೇಲೆ ನನ್ನ ತಮ್ಮನನ್ನು ಠಾಣೆಗೆ ಕರೆದುಕೊಂಡು ಹೋಗಿ ಎರಡು ರಾತ್ರಿ ಇಟ್ಟುಕೊಂಡು ಹೊಡೆದರು. ಎಫ್‌ಐಆರ್ ಇಲ್ಲ, ಕೋರ್ಟಿಗೂ ಹಾಜರು ಮಾಡಲಿಲ್ಲ. ಮೂರನೇ ದಿನ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು ಬಿಟ್ಟರು. ಇದಾಗಿ ಒಂಬತ್ತು ತಿಂಗಳಾಯಿತು. ಎಸ್‌ಪಿಗೆ ಅರ್ಜಿ ಕೊಟ್ಟಿದ್ದೇವೆ, ಡಿವೈಎಸ್‌ಪಿ ವಿಚಾರಣೆ ಮಾಡುತ್ತಿದ್ದಾರೆ. ವರದಿ ಬಂದ ಮೇಲೆ ದಾವೆ ಹಾಕಿ ಅಂತ ಊರಿನ ಹಿರಿಯರು ಹೇಳುತ್ತಾರೆ. 50 ಲಕ್ಷ ಕೇಳಬಹುದಾ ಮೇಡಂ?

ವರದಿಗೆ ಕಾಯಬೇಡಿ. ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ಅಕ್ರಮವಾಗಿ ಕೂಡಿಹಾಕಿದ್ದಕ್ಕೆ ಪರಿಹಾರ ಕೇಳುವ ದಾವೆಗೆ 1963ರ ಕಾಲಮಿತಿ ಕಾಯ್ದೆಯಲ್ಲಿ ಇರುವುದು ಒಂದೇ ಒಂದು ವರ್ಷ. ಬಿಡುಗಡೆಯಾದ ದಿನದಿಂದ ಲೆಕ್ಕ. ಕಾನೂನಿನ ಅಧಿಕಾರ ಚಲಾಯಿಸಿದೆವು ಅಂತ ಹೇಳಿಕೊಂಡು ಮಾಡಿದ ಕೆಲಸದಿಂದ ಆದ ನಷ್ಟಕ್ಕೂ ಒಂದೇ ವರ್ಷ. ಹೊಡೆದದ್ದು ಅಧಿಕಾರದ ಕೆಲಸವೇ ಅಲ್ಲ, ಅದಕ್ಕೆ ಮೂರು ವರ್ಷ ಇದೆ ಅಂತ ವಾದ ಮಾಡುವ ವಕೀಲರಿದ್ದಾರೆ. ಕೋರ್ಟು ಒಪ್ಪಿದರೆ ಸಂತೋಷ. ಒಪ್ಪದಿದ್ದರೆ ನಿಮ್ಮ ತಮ್ಮನ ಗತಿ? ಒಂದೇ ವರ್ಷ ಅಂತ ಎಣಿಸಿ ನಡೆಯಿರಿ. ಇಲಾಖೆಯ ವಿಚಾರಣೆ ನಡೆಯುತ್ತಿತ್ತು, ಅದಕ್ಕೆ ತಡವಾಯಿತು ಅಂದರೆ ಕಾಲಮಿತಿ ನಿಲ್ಲುವುದಿಲ್ಲ. ಅಲ್ಲದೆ ಆ ವಿಚಾರಣೆ ಇರುವುದು ಅಧಿಕಾರಿಗೆ ಶಿಸ್ತುಕ್ರಮ ಬೇಕಾ ಬೇಡವಾ ಅಂತ ನೋಡಲು. ಅದರಿಂದ ನಿಮ್ಮ ತಮ್ಮನಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಅದು ನಡೆಯುತ್ತಿರಲಿ, ಅದರ ಪಾಡಿಗೆ ಅದು.

ನಿಮಗೆ ಉಳಿದಿರುವುದು ಮೂರು ತಿಂಗಳು. ನೇರವಾಗಿ ಹೋಗಿ ದಾವೆ ಹಾಕುವ ಹಾಗೂ ಇಲ್ಲ. ಸಿಪಿಸಿ, ಅಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಂ ಪ್ರಕಾರ ಸರ್ಕಾರಕ್ಕೂ ಅಧಿಕಾರಿಗೂ ಮೊದಲು ನೋಟಿಸ್ ಕೊಟ್ಟು ಎರಡು ತಿಂಗಳು ಕಾಯಬೇಕು. ಸರ್ಕಾರದ ನೋಟಿಸ್ ಕಾರ್ಯದರ್ಶಿಗೆ ಅಥವಾ ಜಿಲ್ಲಾಧಿಕಾರಿಗೆ ಹೋಗಬೇಕು. ಅಧಿಕಾರಿಯದು ಅವರ ಕೈಗೆ ಅಥವಾ ಕಚೇರಿಗೆ. ಈಗ ಬೇರೆ ಠಾಣೆಗೆ ವರ್ಗವಾಗಿದ್ದರೆ ಅಲ್ಲಿಗೆ ಕಳುಹಿಸಿ.

ಇಷ್ಟು ಎಲ್ಲ ವಕೀಲರಿಗೂ ಗೊತ್ತು. ಎಡವುವುದು ಇನ್ನೊಂದು ಕಡೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಓದಿ. ಕರ್ತವ್ಯದ ಹೆಸರಿನಲ್ಲಿ, ಅಥವಾ ಕರ್ತವ್ಯ ಮೀರಿ ಪೊಲೀಸರು ಮಾಡಿದ ಕೆಲಸಕ್ಕೆ ಕ್ರಿಮಿನಲ್ ಕೇಸ್ ಮಾತ್ರ ಅಲ್ಲ, ಸಿವಿಲ್ ದಾವೆ ಹಾಕಲಿಕ್ಕೂ ಸರ್ಕಾರದ ಪೂರ್ವಾನುಮತಿ ಬೇಕು ಅಂತ ಅದು ಹೇಳುತ್ತದೆ. ಅಧಿಕಾರಿಗೆ ಕನಿಷ್ಠ ಒಂದು ತಿಂಗಳ ನೋಟಿಸ್ ಬೇಕು. ನೋಟಿಸ್ ಯಾವತ್ತು ತಲುಪಿತು, ಅವರೇನಾದರೂ ಪರಿಹಾರ ಕೊಡಲು ಬಂದಿದ್ದರಾ ಅಂತ ದಾವೆಯಲ್ಲೇ ಬರೆಯಬೇಕು. ನೋಟಿಸ್ ಪ್ರತಿ ಲಗತ್ತಿಸಬೇಕು. ಹೊಡೆಯುವುದು ಎಲ್ಲಿಯ ಕರ್ತವ್ಯ, ಅನುಮತಿ ಯಾಕೆ ಬೇಕು ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆಯೇ. ಆದರೆ ಇದೇ ಕಲಮಿನ ಬಗ್ಗೆ, ಒಂದು ಕ್ರಿಮಿನಲ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ 2020ರ ಜೂನ್‌ನಲ್ಲಿ ಹೇಳಿದ್ದು ಹೀಗೆ: ಕರ್ತವ್ಯಕ್ಕೂ ಆ ಕೆಲಸಕ್ಕೂ ಸಂಬಂಧ ಇದ್ದರೆ, ಅಧಿಕಾರ ಮೀರಿದ್ದರೂ ಅನುಮತಿ ಬೇಕು. ಸಂಬಂಧವೇ ಇಲ್ಲದಿದ್ದರೆ ಬೇಡ. ನಿಮ್ಮದು ಯಾವುದು ಅಂತ ಕೋರ್ಟಿನಲ್ಲಿ ಪರೀಕ್ಷೆ ಮಾಡಿ ನೋಡಲು ಹೋಗಬೇಡಿ. ಅನುಮತಿ ಕೇಳಿ ಅರ್ಜಿ ಹಾಕಿ, ಸ್ವೀಕೃತಿ ಇಟ್ಟುಕೊಳ್ಳಿ. ನೋಟಿಸ್‌ನ ಅವಧಿಯನ್ನೂ ಅನುಮತಿಗೆ ಹಿಡಿದ ಸಮಯವನ್ನೂ ಕಾಲಮಿತಿ ಕಾಯ್ದೆಯ 15(2)ನೇ ಕಲಂ ವರ್ಷದ ಲೆಕ್ಕದಿಂದ ಬಿಡುತ್ತದೆ. ಅದಕ್ಕೇ ನೋಟಿಸ್, ಅರ್ಜಿ ಎರಡೂ ಆ ಒಂದು ವರ್ಷದೊಳಗೆ ಹೋಗಿರಬೇಕು. ಈ ವಾರವೇ ಕಳುಹಿಸಿ.

ಈಗ ಸಾಕ್ಷ್ಯಕ್ಕೆ ಬನ್ನಿ. ತಮ್ಮ ಆಸ್ಪತ್ರೆಗೆ ಹೋಗಿದ್ದನಾ? ಪತ್ರದಲ್ಲಿ ನೀವು ಬರೆದಿಲ್ಲ. ಹೋಗಿದ್ದರೆ ವೂಂಡ್ ಸರ್ಟಿಫಿಕೇಟ್ (ಗಾಯದ ಪ್ರಮಾಣಪತ್ರ) ತೆಗೆಸಿ ಒಂದು ಸಾಲನ್ನು ಮಾತ್ರ ನೋಡಿ: ಗಾಯ ಹೇಗಾಯಿತು ಅನ್ನುವ ಸಾಲು. ಸರ್ಕಾರಿ ಆಸ್ಪತ್ರೆಯ ಡಾಕ್ಟರ್ ಕೇಳುವಾಗ ಪಕ್ಕದಲ್ಲೇ ಕಾನ್‌ಸ್ಟೆಬಲ್ ನಿಂತಿರುತ್ತಾರೆ. ಹುಡುಗ ಹೆದರಿ 'ಜಾರಿ ಬಿದ್ದೆ' ಅನ್ನುತ್ತಾನೆ. ಡಾಕ್ಟರ್ ಅದನ್ನೇ ಬರೆಯುತ್ತಾರೆ. ಮುಂದೆ ಪಾಟೀಸವಾಲಿನಲ್ಲಿ ಸರ್ಕಾರದ ವಕೀಲರು ಎತ್ತುವುದು ಆ ಒಂದು ಸಾಲನ್ನೇ. ಹಾಗೆ ಬರೆದಿದ್ದರೆ ಯಾಕೆ ಹಾಗೆ ಹೇಳಿದ ಅನ್ನುವುದನ್ನು ನೋಟಿಸ್‌ನಲ್ಲೇ ವಿವರಿಸಿ. ಬಿಡುವಾಗ ಸಹಿ ಹಾಕಿಸಿಕೊಂಡ ಕಾಗದದ್ದೂ ಅಷ್ಟೇ. ಸಾಮಾನ್ಯವಾಗಿ ಅದೊಂದು ಮುಚ್ಚಳಿಕೆ: 'ನಾನೇ ಸ್ವಇಚ್ಛೆಯಿಂದ ಠಾಣೆಗೆ ಬಂದಿದ್ದೆ, ನನಗೆ ಯಾರೂ ಹೊಡೆದಿಲ್ಲ.' ಬೆದರಿಸಿ ಬರೆಸಿಕೊಂಡರು ಅನ್ನುವ ಮಾತು ಮೊದಲ ಅರ್ಜಿಯಲ್ಲೇ ಇರಬೇಕು. ವರ್ಷ ಬಿಟ್ಟು ನೆನಪಾಯಿತು ಅಂದರೆ ಯಾವ ಜಡ್ಜೂ ನಂಬುವುದಿಲ್ಲ.

ನಿಮಗೆ ಅತಿ ದೊಡ್ಡ ಸಾಕ್ಷಿ ಠಾಣೆಯ ಸಿಸಿಟಿವಿ. ಪ್ರತಿ ಠಾಣೆಯಲ್ಲೂ ಕ್ಯಾಮೆರಾ ಇರಬೇಕು, ದೃಶ್ಯಗಳನ್ನು 18 ತಿಂಗಳು, ಆಗದಿದ್ದರೆ ಕನಿಷ್ಠ ಒಂದು ವರ್ಷ ಕಾಪಾಡಬೇಕು ಅಂತ 2020ರ ಡಿಸೆಂಬರ್‌ನಲ್ಲಿ ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ಅಂದರೆ ಒಂಬತ್ತು ತಿಂಗಳ ಹಿಂದಿನ ದೃಶ್ಯ ಇವತ್ತಿಗೂ ಇರಲೇಬೇಕು. ಅಳಿಸಬಾರದು, ಪ್ರತಿ ಬೇಕು ಅಂತ ಎಸ್‌ಪಿಗೆ ಲಿಖಿತವಾಗಿ ಕೊಡಿ. ಜೊತೆಗೆ ಆರ್‌ಟಿಐ ಅರ್ಜಿ, ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಊರ ಕಥೆಯೆಲ್ಲ ಬರೆದು ತಿರಸ್ಕಾರ ಮಾಡಿಸಿಕೊಳ್ಳಬೇಡಿ. ಯಾವ ಠಾಣೆ, ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ. ಸಾಕು. ಕೊಡದಿದ್ದರೆ ಹಿಂಬರಹ ಪಡೆಯಿರಿ. ದೃಶ್ಯ ಇಲ್ಲ ಅನ್ನುವ ಹಿಂಬರಹವೂ ಒಳ್ಳೆಯ ದಾಖಲೆಯೇ. ಇರಬೇಕಾದದ್ದು ಯಾಕಿಲ್ಲ ಅಂತ ಉತ್ತರ ಕೊಡಬೇಕಾದವರು ಅವರು.

ಹೈಕೋರ್ಟಿಗೆ ರಿಟ್ (ಹಕ್ಕಿಗೆ ಧಕ್ಕೆಯಾಯಿತು ಅಂತ ನೇರವಾಗಿ ಕೊಡುವ ಅರ್ಜಿ) ಹಾಕಬಾರದಾ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಹಾಕಬಹುದು. ಸಂವಿಧಾನದ 226ನೇ ವಿಧಿಯಡಿ ಪರಿಹಾರ ಕೊಡುವ ಅಧಿಕಾರ ಹೈಕೋರ್ಟಿಗಿದೆ. 1965ರ ಕಸ್ತೂರಿ ಲಾಲ್ ತೀರ್ಪು ಹಿಡಿದುಕೊಂಡು ಸರ್ಕಾರದ ಮೇಲೆ ಏನೂ ಮಾಡಲಾಗದು ಅನ್ನುವವರು ಈಗಲೂ ಇದ್ದಾರೆ. ಮೀರತ್ ಪೊಲೀಸರು ವಶಪಡಿಸಿಕೊಂಡ ಚಿನ್ನವನ್ನು ಹೆಡ್ ಕಾನ್‌ಸ್ಟೆಬಲ್ ಒಬ್ಬ ಹೊತ್ತುಕೊಂಡು ಪಾಕಿಸ್ತಾನಕ್ಕೆ ಓಡಿದ ಪ್ರಕರಣ ಅದು, ಸರ್ಕಾರ ಪರಿಹಾರ ಕೊಡಬೇಕಿಲ್ಲ ಅಂತ ಕೋರ್ಟು ಹೇಳಿತ್ತು. ಮೂಲಭೂತ ಹಕ್ಕಿಗೆ ಧಕ್ಕೆಯಾದಾಗ ರಿಟ್‌ನಲ್ಲಿ ಆ ರಕ್ಷಣೆ ಸರ್ಕಾರಕ್ಕೆ ಇಲ್ಲ ಅಂತ 1993ರ ನೀಲಾಬತಿ ಬೆಹೆರಾ ತೀರ್ಪು ಸ್ಪಷ್ಟ ಮಾಡಿದೆ. ಕಸ್ಟಡಿಯಲ್ಲಿ ಮಗನನ್ನು ಕಳೆದುಕೊಂಡ ಒಡಿಶಾದ ತಾಯಿಗೆ ಆಗ ಒಂದೂವರೆ ಲಕ್ಷ ಸಿಕ್ಕಿತು. ನಮ್ಮಲ್ಲೂ 2022ರಲ್ಲಿ ಧಾರವಾಡ ಪೀಠ, ಕೋಳ ಹಾಕಿ ಕರೆದೊಯ್ದದ್ದಕ್ಕೆ ಕಾನೂನು ವಿದ್ಯಾರ್ಥಿಯೊಬ್ಬರಿಗೆ 2 ಲಕ್ಷ ಕೊಡಿಸಿತು. ಆದರೆ ರಿಟ್‌ನಲ್ಲಿ ಸಾಕ್ಷಿ ವಿಚಾರಣೆ ಸಾಮಾನ್ಯವಾಗಿ ಇರುವುದಿಲ್ಲ. 'ಆ ಹುಡುಗ ನಮ್ಮ ಠಾಣೆಗೆ ಬಂದೇ ಇಲ್ಲ' ಅಂತ ಪೊಲೀಸರು ಅಫಿಡವಿಟ್ ಹಾಕಿದರೆ, ಸಿವಿಲ್ ಕೋರ್ಟಿಗೆ ಹೋಗಿ ಸಾಬೀತು ಮಾಡಿ ಅಂತ ಕಳುಹಿಸುವ ಸಾಧ್ಯತೆಯೇ ಜಾಸ್ತಿ. ಸಿಸಿಟಿವಿಯೋ ಅವರದೇ ದಾಖಲೆಯೋ ಕೈಯಲ್ಲಿದ್ದರೆ ರಿಟ್ ಬೇಗ ಕೆಲಸ ಮಾಡುತ್ತದೆ. ಬರೀ ಬಾಯಿಮಾತು ಇದ್ದರೆ ದಾವೆ. ರಿಟ್‌ನಲ್ಲಿ ಸಿಕ್ಕ ಹಣ ದಾವೆಗೆ ಅಡ್ಡಿಯಲ್ಲ. ಮುಂದೆ ದಾವೆಯಲ್ಲಿ ಡಿಕ್ರಿ (ಹಣ ಕೊಡಿ ಅನ್ನುವ ಕೋರ್ಟಿನ ಆದೇಶ) ಆದರೆ ಅದರಲ್ಲಿ ಈ ಹಣವನ್ನು ಕಡಿತ ಮಾಡಿಕೊಳ್ಳುತ್ತಾರೆ ಅಷ್ಟೇ.

ಇನ್ನು 50 ಲಕ್ಷದ ಮಾತು. ಇದನ್ನು ನಿಮ್ಮ ತಲೆಗೆ ತುಂಬಿದವರು ಯಾರೋ ನನಗೆ ಗೊತ್ತಿಲ್ಲ, ಮೊಬೈಲ್ ವಿಡಿಯೊಗಳಲ್ಲಿ ಇದೇ ಸಂಖ್ಯೆ ಓಡಾಡುತ್ತಿದೆ. 50 ಲಕ್ಷ ಸಿಕ್ಕಿದ್ದು ಇಸ್ರೊ ವಿಜ್ಞಾನಿ ನಂಬಿ ನಾರಾಯಣನ್ ಅವರಿಗೆ, 2018ರಲ್ಲಿ. ಅವರನ್ನು ಬಂಧಿಸಿದ್ದು 1994ರಲ್ಲಿ. ಪ್ರಕರಣವೇ ಸುಳ್ಳು ಅಂತ ಸಿಬಿಐ ಹೇಳಿದ ಮೇಲೂ ಅಷ್ಟು ವರ್ಷ ಹೋರಾಡಿದರು. ಅವರ ಸಿವಿಲ್ ದಾವೆಯನ್ನು ಕೇರಳ ಸರ್ಕಾರ ಆಮೇಲೆ 1.3 ಕೋಟಿಗೆ ರಾಜಿ ಮಾಡಿಕೊಂಡಿತು. ಬಿಹಾರದ ರುದುಲ್ ಶಾ ಖುಲಾಸೆಯಾದ ಮೇಲೂ 14 ವರ್ಷ ಜೈಲಿನಲ್ಲಿದ್ದರು. 1983ರಲ್ಲಿ ಅವರಿಗೆ ಸಿಕ್ಕಿದ್ದು 35,000 ರೂಪಾಯಿ. ಓದಿದರೆ ಹೊಟ್ಟೆ ಉರಿಯುತ್ತದೆ, ಆದರೆ ಲೆಕ್ಕ ಹೀಗೇ ನಡೆದು ಬಂದಿದೆ. ದಾವೆಯಲ್ಲಿ ಕೇಳುವ ಮೊತ್ತದ ಮೇಲೆ ಕೋರ್ಟ್ ಫೀ ಕಟ್ಟಬೇಕು ಅನ್ನುವುದನ್ನು ಆ ವಿಡಿಯೊದವರು ಹೇಳುವುದಿಲ್ಲ. ಆಸ್ಪತ್ರೆ ಬಿಲ್, ಕಳೆದುಕೊಂಡ ಕೂಲಿ, ಎರಡು ರಾತ್ರಿಯ ಬಂಧನ, ನೋವು, ಅವಮಾನ. ಒಂದೊಂದಕ್ಕೂ ಬೇರೆ ಬೇರೆ ಮೊತ್ತ ಬರೆದು ಕೂಡಿಸಿ. ಆಧಾರ ಇಲ್ಲದ ದೊಡ್ಡ ಸಂಖ್ಯೆ ಹಾಕಿದರೆ ನಿಮ್ಮ ನಿಜವಾದ ನೋವಿನ ಮೇಲೂ ಕೋರ್ಟಿಗೆ ಅನುಮಾನ ಬರುತ್ತದೆ. ಫೀ ಕಟ್ಟಲು ಶಕ್ತಿಯೇ ಇಲ್ಲದಿದ್ದರೆ ಸಿಪಿಸಿ 33ನೇ ಆದೇಶದ ಪ್ರಕಾರ ನಿರ್ಗತಿಕರಾಗಿ ದಾವೆ ಹಾಕಲು ಅನುಮತಿ ಕೇಳಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟಿದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಉಳಿದ ಹಲವರಿಗೆ ಆದಾಯದ ಮಿತಿ ಇದೆ. ಸಹಾಯವಾಣಿ 15100.

ಕೊನೆಗೆ ಒಂದು ಮಾತು. ದಾವೆ ಹಾಕುವಾಗ ಅಧಿಕಾರಿಯ ಜೊತೆ ರಾಜ್ಯ ಸರ್ಕಾರವನ್ನೂ ಪ್ರತಿವಾದಿ ಮಾಡಲೇಬೇಕು. ನೋಟಿಸ್ ಹೋದ ಮೇಲೆ ಮನೆಗೆ ರಾಜಿ ಮಾತು ಬರುತ್ತದೆ. ಬಂದವರು ಹೆದರಿಸಿದರೆ ದಿನ, ಹೊತ್ತು, ಯಾರು ಬಂದರು ಅಂತ ಬರೆದಿಟ್ಟು ಮಾರನೇ ದಿನವೇ ಎಸ್‌ಪಿಗೆ ಅರ್ಜಿ ಕೊಡಿ. ತಮ್ಮನನ್ನು ಒಬ್ಬನೇ ಠಾಣೆಗೆ ಕಳುಹಿಸಬೇಡಿ.

ಪ್ರಶ್ನೆ: ನಾಲ್ಕು ವರ್ಷದ ನಂತರ ಖುಲಾಸೆಯಾದೆ. ಸುಳ್ಳು ಕೇಸ್ ಹಾಕಿದ ಪೊಲೀಸರಿಂದ ಪರಿಹಾರ ಸಿಗುತ್ತದಾ?

ಖುಲಾಸೆಯಾದ ಮಾತ್ರಕ್ಕೆ ಸಿಗುವುದಿಲ್ಲ. ಸಕಾರಣ ಇಲ್ಲದೆ, ದ್ವೇಷದಿಂದ ಕೇಸ್ ಹಾಕಿದರು ಅಂತ ನೀವೇ ಸಾಬೀತು ಮಾಡಬೇಕು. ತೀರ್ಪಿನಲ್ಲಿ 'ಸಂಶಯದ ಲಾಭ' ಅಂತ ಇದ್ದರೆ ಕಷ್ಟ ಇನ್ನೂ ಜಾಸ್ತಿ. ಇಲ್ಲೂ ಗಡುವು ಒಂದೇ ವರ್ಷ, ಖುಲಾಸೆಯಾದ ದಿನದಿಂದ.

ಪ್ರಶ್ನೆ: ಮಾನವ ಹಕ್ಕು ಸಂಘಟನೆಯೊಂದು 5,000 ಕಟ್ಟಿದರೆ ಕಾರ್ಡ್ ಕೊಟ್ಟು ಕೇಸ್ ನಡೆಸುತ್ತೇವೆ ಅನ್ನುತ್ತಿದೆ.

ಕಟ್ಟಬೇಡಿ. ಇಂಥವರು ಬಡವರ ನೋವಿನ ಮೇಲೆ ಹೊಟ್ಟೆ ಹೊರೆಯುವವರು. ಆ ಕಾರ್ಡಿಗೆ ಯಾವ ಕಾನೂನಿನ ಬಲವೂ ಇಲ್ಲ. ರಾಜ್ಯ ಮಾನವ ಹಕ್ಕುಗಳ ಆಯೋಗ ಸರ್ಕಾರದ್ದು, ಅಲ್ಲಿ ದೂರು ಕೊಡಲು ಶುಲ್ಕ ಇಲ್ಲ. ಘಟನೆ ನಡೆದ ಒಂದು ವರ್ಷದೊಳಗೆ ಕೊಡಬೇಕು. ಆಯೋಗ ಪರಿಹಾರಕ್ಕೆ ಶಿಫಾರಸು ಮಾಡುತ್ತದೆ, ಡಿಕ್ರಿ ಕೊಡುವುದಿಲ್ಲ.

ಪ್ರಶ್ನೆ: ದೂರು ಕೊಟ್ಟರೂ ಎಫ್‌ಐಆರ್ ಹಾಕಲಿಲ್ಲ. ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದಾ?

ಇಲ್ಲ, ನೀವು ಪೊಲೀಸರ ಗ್ರಾಹಕರಲ್ಲ. ಎಸ್‌ಪಿಗೆ ಬರೆಯಿರಿ, ಆಗದಿದ್ದರೆ ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) 175(3)ರಡಿ ಮ್ಯಾಜಿಸ್ಟ್ರೇಟ್ ಮುಂದೆ ಹೋಗಿ.

ಪ್ರಶ್ನೆ: ಟ್ರಾಫಿಕ್ ಪೊಲೀಸರು ಬೈಕ್ ಕೀ ಕಿತ್ತುಕೊಂಡರು, 10 ಲಕ್ಷ ಮಾನನಷ್ಟ ಕೇಳಲಾ?

ಕೀ ವಾಪಸ್ ಸಿಕ್ಕಿದೆ ಅಲ್ವಾ? ಎಸಿಪಿಗೆ ಒಂದು ದೂರು ಬರೆದು ಸ್ವೀಕೃತಿ ಪಡೆಯಿರಿ. ದಾವೆಗೆ ಸುಮ್ನೆ ದುಡ್ಡು ಸುರಿಯಬೇಡಿ.