ಉ: 2015ರಿಂದ ಅಂಗಡೀಲಿ ಬಿಪಿ ಮಷೀನ್, ನೆಬ್ಯುಲೈಜರ್ ಮಾರ್ತಿದೀನಿ, ಈಗ ಡಿಸ್ಟ್ರಿಬ್ಯೂಟರ್ ಎಂಡಿ-42 (ವೈದ್ಯಕೀಯ ಉಪಕರಣ ಮಾರೋರ ರಿಜಿಸ್ಟ್ರೇಶನ್ ಸರ್ಟಿಫಿಕೇಟ್) ಯಾಕೆ ಕೇಳ್ತಿದಾರೆ ಅಂತ ಕೇಳಿದ್ರಲ್ಲ.

ರೂಲ್ಸ್ ಕಂತುಕಂತಾಗಿ ಬಂದಿದ್ದೇ ಕಾರಣ ಇರ್ಬೇಕು. ಮೆಡಿಕಲ್ ಡಿವೈಸ್ ರೂಲ್ಸ್ ಆಗಿದ್ದು 2017ರಲ್ಲಿ, ಎಲ್ಲಾ ಉಪಕರಣನೂ ಅದರೊಳಗೆ ತರೋ ಹೊತ್ತಿಗೆ 2020 ಆಯ್ತು, ಮಾರೋರ ರಿಜಿಸ್ಟ್ರೇಶನ್ ಸೇರಿಸಿದ್ದು 2022ರ ಸೆಪ್ಟೆಂಬರ್ ಕೊನೇಲಿ, ಹಂಗಾಗಿ ನೀವು 2015ರಿಂದ ಮಾರ್ತಿದ್ರೂ ಯಾರೂ ಕೇಳಿರಲ್ಲ.

ಮೊದ್ಲು ಫಾರ್ಮ್ 20, 21ರ ಔಷಧಿ ಲೈಸೆನ್ಸ್ (ಮೆಡಿಕಲ್ ಶಾಪ್‌ಗೆ ಕೊಡೋದು) ಇದ್ಯಾ ನೋಡಿ. ಚಾಲ್ತಿಲಿದ್ರೆ ಅದರ ಜೆರಾಕ್ಸ್ ಡಿಸ್ಟ್ರಿಬ್ಯೂಟರ್‌ಗೆ ಕೊಡಿ, ಎಂಡಿ-42 ಬೇಕಾಗಲ್ಲ. ಇಲ್ಲಾಂದ್ರೆ ರಾಜ್ಯದ ಔಷಧ ನಿಯಂತ್ರಣ ಇಲಾಖೆಗೆ ಎಂಡಿ-41 ಅನ್ನೋ ಫಾರ್ಮ್‌ನಲ್ಲಿ ಅರ್ಜಿ ಹಾಕಿ, ಫೀಸು 3000 ರೂಪಾಯಿ. ಅಂಗಡೀಲಿರೋ ಹುಡುಗ ಪಿಯುಸಿ ಓದಿದಾನೆ ಅಂದ್ರಲ್ಲ, ಅರ್ಜಿಗೆ ಅಷ್ಟು ಓದಿದ್ರೂ ಪರವಾಗಿಲ್ಲ, ಜೊತೆಗೆ ಉಪಕರಣ ಮಾರಿದ ಒಂದು ವರ್ಷದ ಅನುಭವ ಪತ್ರ ಬೇಕು. ಪತ್ರದಲ್ಲಿ ಸೇರಿದ ತಾರೀಕು, ಸೀಲು ಎರಡೂ ಇರ್ಲಿ, ನನ್ನ ಅರ್ಜಿ ಸೀಲಿಲ್ಲ ಅಂತಾನೇ ವಾಪಸ್ ಬಂದಿತ್ತು. ಸರ್ಟಿಫಿಕೇಟ್ ಕೈಗೆ ಬರೋವರೆಗೂ ಹೊಸ ಸ್ಟಾಕ್ ಎತ್ಬೇಡಿ.