ಮರೆಯಿರಿ ಎಂದು ಯಾರಿಗೆ ಹೇಳುತ್ತಿದ್ದೇವೆ?

ಪ್ರಿಯ ಓದುಗರೇ,

ಕಳೆದ ಸಂಚಿಕೆಯ ಬೋಸ್ನಿಯಾ ಲೇಖನ ಓದಿ ನೀವು ಎರಡು ಮಾತು ಬರೆದಿದ್ದೀರಿ. ಬೋಸ್ನಿಯಾಕ್ ಮುಸ್ಲಿಮರು, ಸರ್ಬರು, ಕ್ರೊವಾಟರು ಬಡಿದಾಡಿದ 1992–95ರ ಯುದ್ಧ ಮುಗಿದು 30 ವರ್ಷವಾಯಿತು, ಸತ್ತವರನ್ನು ಮತ್ತೆ ಮತ್ತೆ ನೆನೆಯುತ್ತಾ ಹೋದರೆ ಗಾಯ ಮಾಯುವುದು ಯಾವಾಗ ಎಂಬುದು ಒಂದು. ಹೇಗೂ ಎಲ್ಲರೂ ತಮ್ಮವರಿಗಷ್ಟೇ ಅಳುತ್ತಾರೆ ಎಂಬುದು ಇನ್ನೊಂದು. ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಮೊದಲ ಮಾತನ್ನು ನಾನು ಒಪ್ಪಲಾರೆ.

ಬೋಸ್ನಿಯಾದ ಪ್ರಿಯೆದೋರ್ ಊರನ್ನೇ ನೋಡಿ. 1992ರ ಮೇ 31ರಂದು ಅಲ್ಲಿನ ಸರ್ಬ್ ಆಡಳಿತ ರೇಡಿಯೋದಲ್ಲಿ ಆಜ್ಞೆ ಹೊರಡಿಸಿತು. ಸರ್ಬರಲ್ಲದವರು ಮನೆಗೆ ಬಿಳಿ ಬಟ್ಟೆ ಕಟ್ಟಬೇಕು, ತೋಳಿಗೆ ಬಿಳಿ ಪಟ್ಟಿ ಹಾಕಿಕೊಳ್ಳಬೇಕು. ಒಮಾರ್ಸ್ಕಾದಂಥ ಶಿಬಿರಗಳಲ್ಲಿ ಜನರನ್ನು ಕೂಡಿಹಾಕಿ ಹಿಂಸಿಸಿದರು, ಕೊಂದರು. ಆ ಪ್ರದೇಶದಲ್ಲಿ ಸತ್ತವರಲ್ಲಿ 102 ಮಕ್ಕಳಿದ್ದರು. 2012ರಿಂದ ಪ್ರತಿ ಮೇ 31ರಂದು ಜನ ಅದೇ ಬಿಳಿ ಪಟ್ಟಿ ಕಟ್ಟಿಕೊಂಡು ಅದೇ ಊರಿನ ಬೀದಿಗಳಲ್ಲಿ ನಡೆಯುತ್ತಾರೆ. ಒಂದೊಂದು ಮಗುವಿನ ಹೆಸರಿಗೆ ಒಂದೊಂದು ಗುಲಾಬಿ ಇಡುತ್ತಾರೆ. ಮಕ್ಕಳ ಹೆಸರಿರುವ ಒಂದು ಸ್ಮಾರಕ ಕೊಡಿ ಎಂದು ಅಪ್ಪ ಅಮ್ಮಂದಿರು ವರ್ಷಗಟ್ಟಲೆ ಕೇಳಿದ್ದಾರೆ.

ಹತ್ತಿರದ ತರ್ನೊಪೋಲ್ಯೆಯಲ್ಲೂ ಒಂದು ಶಿಬಿರವಿತ್ತು. ಆ ಜಾಗದ ಮುಂದೆ ಈಗ ಒಂದು ಸ್ಮಾರಕ ನಿಂತಿದೆ. ಅದು ಇರುವುದು ಸರ್ಬ್ ಸೈನಿಕರಿಗೆ! ಮರೆತುಬಿಡಿ ಎಂಬ ಬುದ್ಧಿಮಾತು ಎಲ್ಲರಿಗೂ ಅಲ್ಲ, ಒಂದು ಕಡೆಯವರಿಗೆ ಮಾತ್ರ ಅಂತಾಯಿತು, ಅಲ್ವಾ? ಇದನ್ನು ನಾನು ಶಾಂತಿ ಎನ್ನಲಾರೆ.

ಲೆಕ್ಕದ ವಿಷಯವನ್ನೂ ಹೇಳಬೇಕು. ಯುದ್ಧದ ನಂತರ ಬೋಸ್ನಿಯಾದಲ್ಲಿ 2 ಲಕ್ಷ ಜನ ಸತ್ತರು, ಅದಕ್ಕೂ ಜಾಸ್ತಿ ಎಂಬ ಮಾತು ಎಲ್ಲೆಡೆ ಓಡಾಡುತ್ತಿತ್ತು. ಬೋಸ್ನಿಯಾದ ರಾಜಧಾನಿ ಸರಾಯೆವೊದ ಒಂದು ಸಂಶೋಧನಾ ಕೇಂದ್ರ ಹಲವು ವರ್ಷ ದುಡಿದು, ಎಲ್ಲ ಕಡೆಯ ಸತ್ತವರನ್ನೂ ಹೆಸರು ಹಿಡಿದು ಎಣಿಸಿತು. 2013ರಲ್ಲಿ ಬಂದ ಪಟ್ಟಿಯಲ್ಲಿ 95,940 ಹೆಸರುಗಳಿದ್ದವು. ಅವರಲ್ಲಿ 38,239 ಮಂದಿ ನಾಗರಿಕರು. ಸಂಖ್ಯೆ ಇಳಿಯಿತು ಎಂದು ಬೋಸ್ನಿಯಾಕರಲ್ಲೇ ಕೆಲವರು ಬೈದರು. ಆದರೂ ಈ ಕೆಲಸದ ಬೆಲೆ ದೊಡ್ಡದು. ಸುಮ್ನೆ ಒಂದು ಸಂಖ್ಯೆ ಹೇಳಿದರೆ ಯಾರು ಬೇಕಾದರೂ ಅದನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು, ಮುಂದಿನ ಜಗಳಕ್ಕೆ ಬಳಸಬಹುದು. ಹೆಸರು, ಊರು, ಹುಟ್ಟಿದ ವರ್ಷ ಬರೆದಿಟ್ಟ ಮೇಲೆ ಅದು ಅಷ್ಟು ಸುಲಭವಲ್ಲ.

ನಿಮ್ಮ ಎರಡನೇ ಮಾತಿನಲ್ಲಿ ಸತ್ಯವಿದೆ. ಹೆಚ್ಚಿನವರು ತಮ್ಮವರಿಗಷ್ಟೇ ಅಳುತ್ತಾರೆ. ಎಲ್ಲರೂ ಅಲ್ಲ. ಬೆಲ್‌ಗ್ರೇಡಿನ ‘ಕಪ್ಪುಡುಗೆಯ ಮಹಿಳೆಯರು’ ಎಂಬ ಸಂಘಟನೆಯವರು 1991ರಿಂದ ಬೀದಿಯಲ್ಲಿ ಮೌನವಾಗಿ ನಿಂತು ಯುದ್ಧವನ್ನು ವಿರೋಧಿಸುತ್ತಾ ಬಂದವರು. ಸರ್ಬಿಯಾದ ಆ ರಾಜಧಾನಿಯಲ್ಲೇ ಅವರು, ಬೋಸ್ನಿಯಾದ ಸ್ರೆಬ್ರೆನಿತ್ಸಾದಲ್ಲಿ 1995ರಲ್ಲಿ ಸರ್ಬ್ ಪಡೆಗಳು ಕೊಂದ ಸಾವಿರಾರು ಬೋಸ್ನಿಯಾಕ್ ಮುಸ್ಲಿಮರನ್ನು ನೆನೆಯುತ್ತಾರೆ. ಬೈಗುಳ, ಬೆದರಿಕೆ ಎಲ್ಲ ನುಂಗಿಕೊಂಡಿದ್ದಾರೆ. ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದ್ದ ಮೂರೂ ಸೇನೆಗಳ ಮಾಜಿ ಸೈನಿಕರು ಈಗ ಒಟ್ಟಿಗೆ ಬಂದು, ಪರಸ್ಪರರ ಸ್ಮಾರಕಗಳಿಗೆ ಹೂವಿಡುತ್ತಾರೆ. ನನ್ನ ಮಟ್ಟಿಗೆ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ.

ಸರಾಯೆವೊ ಕೂಡ ತನ್ನ ಕಡೆಯ ತಪ್ಪನ್ನು ನೋಡಬೇಕಾಯಿತು. ಸರ್ಬ್ ಪಡೆಗಳು ನಗರಕ್ಕೆ ಮುತ್ತಿಗೆ ಹಾಕಿದ್ದ ಕಾಲದಲ್ಲಿ ಅದನ್ನು ಕಾಯುತ್ತಿದ್ದ ಸೇನೆಯ ಒಂದು ತುಕಡಿಯವರೇ ಅಲ್ಲಿನ ಸರ್ಬ್ ನಾಗರಿಕರನ್ನು ಕೊಂದು, ಕಜಾನಿ ಎಂಬ ಕಂದಕಕ್ಕೆ ಎಸೆದಿದ್ದರು. 2021ರಲ್ಲಿ ಅಲ್ಲಿ ಸ್ಮಾರಕ ಬಂತು, ಸತ್ತವರ ಹೆಸರುಗಳನ್ನೂ ಕೆತ್ತಿದರು. ಕೊಂದವರು ಯಾರು ಎಂದು ಮಾತ್ರ ಬರೆಯಲಿಲ್ಲ. ಆ ಸಾಲನ್ನೂ ಸೇರಿಸಿ ಎಂದು ಸರಾಯೆವೊದವರೇ ಕೇಳಿದ್ದಾರೆ.